ನಗು ಬಾರದ ಜಾಗ ಹುಡುಕಿ: ಟೀವಿ ಕಾಮಿಡಿಯಿಂದ ಇಂಗ್ಲಿಷ್ ಪದ ಕಲಿಯುವ ಕ್ರಮ

ಇಂಗ್ಲಿಷ್ ಕಾಮಿಡಿ ಸೀರೀಸ್ ನೋಡಿ, ಭಾಷೆ ತಾನಾಗಿ ಬರುತ್ತದೆ ಅನ್ನುವ ಸಲಹೆ ಬೆಂಗಳೂರಿನ ಯಾವ ಪಿಜಿಗೆ ಹೋದರೂ ಸಿಗುತ್ತದೆ. ತಾನಾಗಿ ಏನೂ ಬರುವುದಿಲ್ಲ. ಹತ್ತು ಸೀಸನ್ ಮುಗಿಸಿ, ಯಾರು ಯಾರನ್ನು ಮದುವೆಯಾದರು ಅಂತ ಬಾಯಿಪಾಠ ಹೇಳುವವರು ಮೀಟಿಂಗಿನಲ್ಲಿ ಅವೇ ಹಳೆಯ ನಾಲ್ಕು ವಾಕ್ಯದಲ್ಲಿ ಕಾಲ ಹಾಕುತ್ತಿರುತ್ತಾರೆ. ಕತೆಯನ್ನು ಚಿತ್ರ ನೋಡಿಯೇ ಹಿಡಿಯಬಹುದು, ಸಬ್‌ಟೈಟಲ್ ಓದಿಯೂ ಹಿಡಿಯಬಹುದು. ಅದಕ್ಕೆ ಕಿವಿ ಬೇಡ, ನಾಲಿಗೆ ಬೇಡ. ಪದ ಕಲಿಯಬೇಕಾದರೆ ಕ್ರಮ ಬೇರೆ.

ಈ ಬರಹ ಯಾರಿಗೆ ಅಂದರೆ: ಕನ್ನಡ ಮಾಧ್ಯಮದಲ್ಲಿ ಓದಿದ್ದೀರಿ, ಇಂಗ್ಲಿಷ್ ಪೇಪರ್ ಓದಿದರೆ ಅರ್ಥವಾಗುತ್ತದೆ, ಮೇಲ್ ಬರೆಯುತ್ತೀರಿ, ಆದರೆ ಎದುರಿನವರು ವೇಗವಾಗಿ ಮಾತಾಡಿದರೆ ಅರ್ಧ ಕೈತಪ್ಪುತ್ತದೆ. ಅಕ್ಷರದಿಂದಲೇ ಶುರು ಮಾಡಬೇಕಾದವರಿಗೆ ಕಾಮಿಡಿ ಈಗಲೇ ಬೇಡ, ಅದು ಬೇಸರವನ್ನಷ್ಟೇ ತರುತ್ತದೆ.

ಸುದ್ದಿ, ಸಿನಿಮಾ, ಭಾಷಣ ಎಲ್ಲ ಬಿಟ್ಟು ಕಾಮಿಡಿಯೇ ಏಕೆ? ಅದರಲ್ಲಿ ಪರೀಕ್ಷೆ ಒಳಗೇ ಇದೆ. ಪ್ರೇಕ್ಷಕರು ನಕ್ಕರು, ನಿಮಗೆ ನಗು ಬರಲಿಲ್ಲ ಅಂದರೆ ಅಲ್ಲಿ ಏನೋ ಒಂದು ತಪ್ಪಿಹೋಗಿದೆ. ಸುದ್ದಿ ಕೇಳುವಾಗ ಅರ್ಥವಾಗದ್ದು ಅರ್ಥವಾಗಲಿಲ್ಲ ಅಂತಲೂ ತಿಳಿಯದೆ ಜಾರಿಹೋಗುತ್ತದೆ. ಕಾಮಿಡಿಯಲ್ಲಿ ನಗುವಿನ ಸದ್ದು ಬಂದು ನಿಮ್ಮನ್ನು ನಿಲ್ಲಿಸುತ್ತದೆ. ಕೆಳಗಿನ ಕ್ರಮವೆಲ್ಲ ಈ ಒಂದು ಗುರುತಿನ ಮೇಲೆ ನಿಂತಿದೆ.

ಕೊರತೆ ಎಲ್ಲಿದೆ

ದೊಡ್ಡ ದೊಡ್ಡ ಪದ ಗೊತ್ತಿಲ್ಲ ಅನ್ನುವುದು ಬಹಳ ಜನರ ಕೊರಗು. ಟೀವಿ ಕಾರ್ಯಕ್ರಮಗಳ ಮಾತನ್ನು ಎಣಿಸಿ ನೋಡಿದ ಸ್ಟುವರ್ಟ್ ವೆಬ್ ಮತ್ತು ಮೈಕಲ್ ರಾಜರ್ಸ್ ಅವರ 2009ರ ಅಧ್ಯಯನದ ಪ್ರಕಾರ, ಹೆಸರುಗಳ ಜೊತೆಗೆ ಸುಮಾರು 3,000 ಪದಕುಟುಂಬಗಳು ಗೊತ್ತಿದ್ದರೆ ಅಲ್ಲಿ ಆಡುವ ಮಾತಿನ ಶೇ. 95ರಷ್ಟು ಸಿಕ್ಕಿಬಿಡುತ್ತದೆ. ಪ್ಲೇ, ಪ್ಲೇಡ್, ಪ್ಲೇಯರ್ ಎಲ್ಲ ಸೇರಿ ಒಂದು ಕುಟುಂಬ. ಪಿಯುಸಿ ದಾಟಿದವರಿಗೆ ಇವುಗಳಲ್ಲಿ ಬಹುಪಾಲು ಕಣ್ಣಿಗೆ ಗುರುತಿರುವ ಪದಗಳೇ.

ತೊಂದರೆ ಇರುವುದು ಈ ಸಣ್ಣ ಪದಗಳು ಒಂದರ ಪಕ್ಕ ಒಂದು ಕೂತಾಗ. ಟರ್ನ್ ಗೊತ್ತು, ಡೌನ್ ಗೊತ್ತು. ಟೀವಿ ಸದ್ದಿನ ವಿಷಯದಲ್ಲಿ ಟರ್ನ್ ಡೌನ್ ಅಂದರೆ ಕಡಿಮೆ ಮಾಡು, ಕೆಲಸದ ಆಫರ್ ವಿಷಯದಲ್ಲಿ ಟರ್ನ್ ಡೌನ್ ಅಂದರೆ ಬೇಡ ಅನ್ನು. ಪುಟ್ ಆಫ್ ಅಂದರೆ ಮುಂದಕ್ಕೆ ಹಾಕು, ಕಾಲ್ ಆಫ್ ಅಂದರೆ ರದ್ದು ಮಾಡು. ಕಾಮಿಡಿಯಲ್ಲಿ ಆಡುವ ಮಾತು ಹೆಚ್ಚಾಗಿ ಇಂಥವುಗಳಿಂದಲೇ ಕಟ್ಟಿದ್ದು. ಆದ್ದರಿಂದ ನೀವು ಹೆಕ್ಕಬೇಕಾದದ್ದು ಬಿಡಿ ಪದವನ್ನಲ್ಲ, ಪದಗಳ ಜೋಡಿಯನ್ನು.

ಯಾವುದನ್ನು ಆರಿಸಬೇಕು

ಒಂದನ್ನೇ ಆರಿಸಿ, ಕನಿಷ್ಠ ಮೂರು ತಿಂಗಳು ಅದರಲ್ಲೇ ಇರಿ. ಪಾಪ ಪಾಂಡು ನೋಡಿದವರಿಗೆ ಇದು ಗೊತ್ತಿರುವ ಸಂಗತಿ: ಅದೇ ನಾಲ್ಕೈದು ಜನ, ಅದೇ ಮನೆ. ಒಬ್ಬರು ಬಾಯಿ ಬಿಡುವ ಮುಂಚೆಯೇ ಏನು ಹೇಳುತ್ತಾರೆ ಅಂತ ಊಹೆ ಬರುತ್ತದೆ. ಅಪರಿಚಿತ ಭಾಷೆಯಲ್ಲಿ ಆ ಊಹೆಯೇ ಅರ್ಧ ಬಲ.

ಶುರುವಿಗೆ ನಗುವಿನ ಸದ್ದು ಇರುವುದೇ ಬೇಕು. ಫ್ರೆಂಡ್ಸ್ ಈ ಕೆಲಸಕ್ಕೆ ಒಳ್ಳೆಯ ಆಯ್ಕೆ. 1994ರಿಂದ 2004ರವರೆಗೆ 10 ಸೀಸನ್, 236 ಕಂತು ಬಂದಿದೆ, ಒಂದೊಂದೂ ಹೆಚ್ಚುಕಡಿಮೆ 22 ನಿಮಿಷ. ಮಾತೆಲ್ಲ ಮನೆ, ಕಾಫಿ, ಬಾಡಿಗೆ, ಕೆಲಸ, ಜಗಳದ ಸುತ್ತ ಇರುವುದರಿಂದ ಕಲಿತದ್ದು ನಾಳೆಯೇ ಉಪಯೋಗಕ್ಕೆ ಬರುತ್ತದೆ. ದಿ ಬಿಗ್ ಬ್ಯಾಂಗ್ ಥಿಯರಿಯಲ್ಲೂ ನಗುವಿನ ಸದ್ದಿದೆ, ಆದರೆ ಭೌತಶಾಸ್ತ್ರದ ಪದಗಳು ದಾರಿ ತಪ್ಪಿಸುತ್ತವೆ. ಅದನ್ನು ನೋಡುವವರು ವಿಜ್ಞಾನದ ಮಾತನ್ನು ಬರೆದುಕೊಳ್ಳದೆ ಬಿಡುವ ಅಭ್ಯಾಸ ಮಾಡಿಕೊಳ್ಳಬೇಕು. ಅಮೆರಿಕದ ದಿ ಆಫೀಸ್ ಕಚೇರಿ ಭಾಷೆಗೆ ಚಿನ್ನದಂಥದ್ದು, ಆದರೆ ಅದರಲ್ಲಿ ನಗುವಿನ ಸದ್ದಿಲ್ಲ, ಹಾಸ್ಯವೆಲ್ಲ ಮುಜುಗರದ ಮೌನದಲ್ಲಿದೆ. ಎರಡನೆಯದಾಗಿ ಇಟ್ಟುಕೊಳ್ಳಿ.

ಮೈಂಡ್ ಯುವರ್ ಲ್ಯಾಂಗ್ವೇಜ್ ನೋಡಿ ಅಂತ ಹಿರಿಯರು ಪ್ರೀತಿಯಿಂದ ಹೇಳುತ್ತಾರೆ. 1977ರಲ್ಲಿ ಶುರುವಾದ ಆ ಬ್ರಿಟಿಷ್ ಸರಣಿ ನಡೆಯುವುದು ಲಂಡನ್ನಿನ ಇಂಗ್ಲಿಷ್ ತರಗತಿಯಲ್ಲೇ ಆದರೂ, ಕಲಿಯುವವರಿಗೆ ಅದು ಬೇಡ. ಅಲ್ಲಿನ ಹಾಸ್ಯ ಹುಟ್ಟುವುದು ವಿದೇಶಿಯರ ತಪ್ಪು ಇಂಗ್ಲಿಷಿನಿಂದ. ನಕ್ಕ ವಾಕ್ಯ ನೆನಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ತಪ್ಪು ವಾಕ್ಯವಾದರೂ ಸರಿ.

ಕೂರುವ ಮುನ್ನ

ಸಬ್‌ಟೈಟಲ್ ಇಂಗ್ಲಿಷ್‌ನಲ್ಲೇ ಇರಲಿ. ಹಿಂದಿಯಲ್ಲೋ ಕನ್ನಡದಲ್ಲೋ ಹಾಕಿಕೊಂಡರೆ ಕಣ್ಣು ಅರ್ಥ ತೆಗೆದುಕೊಂಡುಬಿಡುತ್ತದೆ, ಕಿವಿ ಮಲಗುತ್ತದೆ. ಟೀವಿ ಸ್ಪೀಕರ್ ಬೇಡ, ಸಾಧಾರಣ ಇಯರ್‌ಫೋನ್ ಸಾಕು. ವೇಗ ಇಳಿಸುವ ಸೌಲಭ್ಯ ನೆಟ್‌ಫ್ಲಿಕ್ಸ್‌ನಲ್ಲೂ ಯೂಟ್ಯೂಬ್‌ನಲ್ಲೂ ಇದೆ. 0.75ಕ್ಕಿಂತ ಕೆಳಗೆ ಹೋಗಬೇಡಿ, ಅದಕ್ಕಿಂತ ನಿಧಾನವಾದರೆ ಮಾತಿನ ಏರಿಳಿತ ಕೆಟ್ಟು ಪದಗಳು ಇನ್ನೂ ಗುರುತು ಸಿಗದಂತಾಗುತ್ತವೆ. ಒಂದು ನೋಟ್‌ಬುಕ್, ಒಂದು ಪೆನ್ನು.

ಒಂದು ಕಂತಿಗೆ ನಾಲ್ಕು ದಿನ, ದಿನಕ್ಕೆ ಅರ್ಧ ಗಂಟೆ. ಶನಿವಾರ ರಾತ್ರಿ ಆರು ಕಂತು ಒಟ್ಟಿಗೆ ನೋಡುವುದು ಮನರಂಜನೆ. ಅದು ತಪ್ಪಲ್ಲ, ಆದರೆ ಈ ಲೆಕ್ಕಕ್ಕೆ ಸೇರಿಸಬೇಡಿ.

ಮೊದಲ ದಿನ: ಬರೀ ಗುರುತು ಹಾಕಿ

ಇಡೀ ಕಂತನ್ನು ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ಒಮ್ಮೆ ನೋಡಿ. ನಿಲ್ಲಿಸಬೇಡಿ, ನಿಘಂಟು ತೆರೆಯಬೇಡಿ. ಪ್ರೇಕ್ಷಕರು ನಕ್ಕು ನಿಮಗೆ ನಗು ಬಾರದ ಕಡೆ ನಿಮಿಷ ಮತ್ತು ಸೆಕೆಂಡ್ ಬರೆದುಕೊಳ್ಳಿ, ಅಷ್ಟೇ. ಅರ್ಧಕ್ಕಿಂತ ಹೆಚ್ಚು ನಗು ಹೀಗೆ ತಪ್ಪಿಹೋದರೆ ಆ ಸೀರೀಸ್ ಈಗ ಭಾರ, ಬೇರೆ ನೋಡಿ. ಒಂದೂ ತಪ್ಪದಿದ್ದರೆ ಸಬ್‌ಟೈಟಲ್ ತೆಗೆದು ಮತ್ತೆ ನೋಡಿ. ನಿಮ್ಮನ್ನು ನಗಿಸಿದ್ದು ಕಿವಿಯೋ ಕಣ್ಣೋ ಗೊತ್ತಾಗುತ್ತದೆ.

ಎರಡನೆಯ ದಿನ: ಏಕೆ ತಪ್ಪಿತು

ಗುರುತುಗಳು ಹತ್ತಿರಹತ್ತಿರ ಬಿದ್ದಿರುವ ಎರಡು ಮೂರು ನಿಮಿಷದ ಒಂದೇ ದೃಶ್ಯ ಆರಿಸಿ. ಸಬ್‌ಟೈಟಲ್ ತೆಗೆದು ಎರಡು ಸಲ ಕೇಳಿ, ಗುರುತು ಹಾಕಿದ ಜಾಗದಲ್ಲಿ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಬರೆಯಿರಿ. ಆಮೇಲೆ ಸಬ್‌ಟೈಟಲ್ ಹಾಕಿ ಹೋಲಿಸಿ. ಇಡೀ ಕ್ರಮದಲ್ಲಿ ಹೆಚ್ಚು ಬೆಲೆಯುಳ್ಳ ಹದಿನೈದು ನಿಮಿಷ ಇದು, ಇದನ್ನು ಹಾರಿಸಿದರೆ ಉಳಿದದ್ದರಿಂದ ಹೆಚ್ಚು ಲಾಭವಿಲ್ಲ.

ಕಾಲ್ಪನಿಕ ದೃಶ್ಯವೊಂದನ್ನು ತೆಗೆದುಕೊಳ್ಳೋಣ. ಇಬ್ಬರು ಗೆಳೆಯರು, ಒಬ್ಬನಿಗೆ ಸಿಟ್ಟು.

"ಯು ಬೇಲ್ಡ್ ಆನ್ ಮಿ ಅಗೇನ್!"
"ಸಾರಿ, ಸಮ್‌ಥಿಂಗ್ ಕೇಮ್ ಅಪ್."
"ವಾಟ್ ಕೇಮ್ ಅಪ್?"
"ಎ ನ್ಯಾಪ್."

ಇಲ್ಲಿ ಜೋರು ನಗು ಬರುತ್ತದೆ. ಬೇಲ್ ಅಂದರೆ ಕನ್ನಡಿಗರಿಗೆ ಮೊದಲು ಹೊಳೆಯುವುದು ಜಾಮೀನು, ಕೋರ್ಟು. ಬೇಲ್ ಆನ್ ಅಂದರೆ ಬರ್ತೀನಿ ಅಂತ ಒಪ್ಪಿಕೊಂಡು ಕೊನೆ ಗಳಿಗೆಯಲ್ಲಿ ಕೈಕೊಡು. ಅದೇ ಬೇಲ್ ಔಟ್ ಅಂತ ಹೇಳಿ ಮುಂದೆ ಯಾರನ್ನಾದರೂ ಹೆಸರಿಸಿದರೆ ಕಷ್ಟದಲ್ಲಿದ್ದವರನ್ನು ಪಾರು ಮಾಡು ಅಂತ ಅರ್ಥ, ಹೆಚ್ಚುಕಡಿಮೆ ತದ್ವಿರುದ್ಧ. ಸಮ್‌ಥಿಂಗ್ ಕೇಮ್ ಅಪ್ ಅನ್ನುವುದು ಸಭ್ಯ ನೆಪದ ಸಿದ್ಧ ವಾಕ್ಯ: ಏನೋ ಅರ್ಜೆಂಟ್ ಬಂತು. ಇದನ್ನು ಕೇಳಿದವರು ಸಾಮಾನ್ಯವಾಗಿ ಏನು ಬಂತು ಅಂತ ಕೇಳುವುದಿಲ್ಲ. ಇವನು ಕೇಳಿದ, ಅವನು ನಿದ್ದೆ ಬಂತು ಅಂದ. ನಗು ಇರುವುದು ಅಲ್ಲಿ. ಕೇಮ್ ಅಪ್ ಅನ್ನುವುದನ್ನು ಮೇಲೆ ಬಂತು ಅಂತ ಬಿಡಿಸಿಕೊಂಡವರಿಗೆ ಅದು ಸಿಗುವ ಹಾದಿಯೇ ಇಲ್ಲ.

ತಪ್ಪಿಹೋದ ಪ್ರತಿ ನಗುವಿಗೂ ಕಾರಣ ಬರೆಯಿರಿ. ಬಹುಮಟ್ಟಿಗೆ ನಾಲ್ಕರಲ್ಲಿ ಒಂದಾಗಿರುತ್ತದೆ.

ಒಂದು, ಸದ್ದು. ಪದ ಗೊತ್ತಿತ್ತು, ಕಿವಿಗೆ ಬೀಳಲಿಲ್ಲ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಾನ ಕಾಲ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಮುಖ್ಯ ಪದಗಳ ಮೇಲೆ ಒತ್ತು ಹಾಕಿ ಉಳಿದದ್ದನ್ನು ನುಂಗುತ್ತಾರೆ. ಗೋಯಿಂಗ್ ಟು ಗಾನಾ ಆಗುತ್ತದೆ, ವಾಂಟ್ ಟು ವಾನಾ ಆಗುತ್ತದೆ. ಎರಡು ಸ್ವರಗಳ ನಡುವಿನ ಟ ಅಮೆರಿಕನ್ನರ ಬಾಯಲ್ಲಿ ಡ ಹತ್ತಿರಕ್ಕೆ ಹೋಗಿ ವಾಟರ್ ವಾಡರ್ ಆಗುತ್ತದೆ. ಎಲ್ಲಕ್ಕಿಂತ ಅಪಾಯದ್ದು ಕ್ಯಾನ್ ಮತ್ತು ಕ್ಯಾಂಟ್. ಮಾಡಬಲ್ಲೆ ಅನ್ನುವಾಗ ಅವರು ಕ್ಯಾನ್ ಅನ್ನುವುದಿಲ್ಲ, ಕನ್ ಅಂತ ಹಾರಿಸಿಬಿಡುತ್ತಾರೆ. ಮಾಡಲಾರೆ ಅನ್ನುವಾಗ ಕ್ಯಾನ್ ಅಂತ ಒತ್ತಿ ಹೇಳಿ ಕೊನೆಯ ಟ ನುಂಗುತ್ತಾರೆ. ಹಾಗಾಗಿ ನಮ್ಮ ಕಿವಿಗೆ ಸ್ಪಷ್ಟವಾಗಿ ಕ್ಯಾನ್ ಅಂತ ಕೇಳಿದ ಕಡೆ ಅವರು ಆಗುವುದಿಲ್ಲ ಅಂದಿರುವ ಸಾಧ್ಯತೆಯೇ ಹೆಚ್ಚು. ಕ್ಲೈಂಟ್ ಕಾಲ್‌ನಲ್ಲಿ ಇದು ತಿರುಗುಮುರುಗಾದರೆ ಆಗುವ ಅನಾಹುತ ಊಹಿಸಿಕೊಳ್ಳಿ. ಟ ಹುಡುಕಬೇಡಿ, ಒತ್ತು ಕೇಳಿ.

ಎರಡು, ಜೋಡಿ. ಎಲ್ಲ ಪದವೂ ಕೇಳಿಸಿತು, ಸೇರಿದಾಗಿನ ಅರ್ಥ ಗೊತ್ತಿಲ್ಲ. ನಿಮ್ಮ ನೋಟ್‌ಬುಕ್ಕಿಗೆ ಹೋಗಬೇಕಾದದ್ದು ಮುಖ್ಯವಾಗಿ ಇವೇ.

ಮೂರು, ದನಿ. ಅರ್ಥವಾಯಿತು, ನಗುವಂಥದ್ದೇನು ಅಂತ ತಿಳಿಯಲಿಲ್ಲ. ಅಬ್ಬಾ ಎಂಥಾ ಬುದ್ಧಿವಂತ ಅಂತ ನಾವೂ ಕುಟುಕುತ್ತೇವಲ್ಲ, ಆ ಬಗೆ. ಯಾ, ರೈಟ್ ಅಂದರೆ ಎರಡು ಸಲ ಹೌದು ಅಂದಂತೆ ಕೇಳುತ್ತದೆ, ಆದರೆ ಅದು ಹೂಂ, ನಂಬಿದೆ ಬಿಡು ಅನ್ನುವ ಮಾತು. ಟೆಲ್ ಮಿ ಅಬೌಟ್ ಇಟ್ ಅಂದಾಗ ನಮ್ಮವರು ವಿವರ ಹೇಳಲು ಶುರು ಮಾಡುತ್ತಾರೆ. ಅವರು ಹೇಳಿದ್ದು ನನ್ನದೂ ಅದೇ ಪಾಡು ಅಂತ, ವಿವರ ಕೇಳಿದ್ದಲ್ಲ. ಇವುಗಳಲ್ಲಿ ಪದ ನೋಡಬೇಡಿ, ರಾಗ ನೋಡಿ: ಉತ್ಸಾಹದ ಮಾತು ಸಪ್ಪೆಯಾಗಿ, ಇಳಿದನಿಯಲ್ಲಿ ಬಂದರೆ ಅರ್ಥ ತಲೆಕೆಳಗು.

ನಾಲ್ಕು, ಅಲ್ಲಿನ ಬದುಕು. ಥ್ಯಾಂಕ್ಸ್‌ಗಿವಿಂಗ್ ಅಮೆರಿಕದಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಬರುವ ಮನೆಹಬ್ಬ, ಊಟಕ್ಕೆ ಟರ್ಕಿ ಕೋಳಿ. ಇಂಥದ್ದನ್ನು ಒಮ್ಮೆ ತಿಳಿದುಕೊಂಡರೆ ಎಷ್ಟೋ ಕಂತಿಗೆ ಆಯಿತು. ಯಾವುದೋ ಹಳೆಯ ಜಾಹೀರಾತು, ಮರೆತುಹೋದ ನಟನ ಮೇಲಿನ ಜೋಕು ಆದರೆ ಬಿಟ್ಟು ಮುಂದೆ ಹೋಗಿ.

ಮೂರನೆಯ ದಿನ: ಐದೇ ಐದು

ಒಂದು ಕಂತಿಗೆ ಐದು ಜೋಡಿ, ಹೆಚ್ಚೆಂದರೆ ಏಳು. ಮೂವತ್ತು ಬರೆದುಕೊಂಡವರು ಎರಡನೆಯ ವಾರಕ್ಕೆ ನೋಟ್‌ಬುಕ್ ಮುಚ್ಚುತ್ತಾರೆ. ಆರಿಸುವಾಗ ಒಂದೇ ಪ್ರಶ್ನೆ: ಈ ವಾರ ಇದನ್ನು ನಾನು ಯಾರಿಗಾದರೂ ಹೇಳುವ ಸಂದರ್ಭ ಬರುತ್ತದೆಯೇ? ಇಲ್ಲವಾದರೆ ಪದ ಎಷ್ಟೇ ಚೆಂದವಿದ್ದರೂ ಬೇಡ.

ಒಂದೊಂದಕ್ಕೂ ನಾಲ್ಕು ಸಾಲು ಬರೆಯಿರಿ. ದೃಶ್ಯದ ಪೂರ್ತಿ ವಾಕ್ಯ. ಯಾರು ಯಾರಿಗೆ ಯಾವ ಮನಸ್ಥಿತಿಯಲ್ಲಿ ಹೇಳಿದ್ದು. ಅದೇ ಜಾಗದಲ್ಲಿ ನೀವು ಕನ್ನಡದಲ್ಲಿ ಏನನ್ನುತ್ತಿದ್ದಿರಿ. ನಿಮ್ಮ ಬದುಕಿನ ಒಂದು ಹೊಸ ವಾಕ್ಯ. ಮೂರನೆಯ ಸಾಲು ಪದಕ್ಕೆ ಪದ ಆಗಬಾರದು. ಸೂಟ್ ಯುವರ್‌ಸೆಲ್ಫ್ ಅನ್ನುವುದಕ್ಕೆ 'ನಿನ್ನಿಷ್ಟ ಕಣಪ್ಪ' ಅಂತ ಬರೆದರೆ ಅದರೊಳಗಿನ ಸಣ್ಣ ಬೇಸರವೂ ಉಳಿಯುತ್ತದೆ.

ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಉಚ್ಚಾರವನ್ನು ಮೇಲೆ ಕನ್ನಡದಲ್ಲಿ ಹಾಕಿ. ಬರೀ ಕನ್ನಡದಲ್ಲಿ ಬರೆದುಕೊಂಡರೆ ನಮ್ಮ ಒಂದೇ ವಕಾರ ಅವರ ಎರಡು ಧ್ವನಿಗಳನ್ನು ನುಂಗಿಬಿಡುತ್ತದೆ. ಉಡುಪಿನ ವೆಸ್ಟ್‌ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ದಿಕ್ಕಿನ ವೆಸ್ಟ್‌ಗೆ ತುಟಿ ಗುಂಡಗಾಗಬೇಕು, ಹಲ್ಲು ತಾಗಬಾರದು.

ಅರ್ಥಕ್ಕೆ ಕಲಿಯುವವರಿಗಾಗಿಯೇ ಮಾಡಿದ ನಿಘಂಟು ನೋಡಿ. ಕೇಂಬ್ರಿಜ್, ಲಾಂಗ್‌ಮನ್ ಎರಡೂ ಆನ್‌ಲೈನ್‌ನಲ್ಲಿ ಉಚಿತ. ಲಾಂಗ್‌ಮನ್ ಸುಮಾರು 2,000 ಸರಳ ಪದಗಳಲ್ಲೇ ಎಲ್ಲ ಅರ್ಥ ವಿವರಿಸುತ್ತದೆ. ಜೋಡಿ ಪದಗಳು ಕ್ರಿಯಾಪದದ ಕೊನೆಯಲ್ಲಿ ಬೇರೆಯಾಗಿ ಸಿಗುತ್ತವೆ. ಅಲ್ಲಿ ಒಂದು ವಿಷಯವನ್ನು ತಪ್ಪದೆ ಗಮನಿಸಿ: ಜೋಡಿ ಬಿಡಿಸಬಹುದಾದದ್ದೋ ಅಲ್ಲವೋ. ಮಿ, ಹಿಮ್, ಇಟ್ ಬಂದಾಗ ಪಿಕ್ ಮಿ ಅಪ್ ಅನ್ನಬೇಕು, ಕಾಲ್ ಇಟ್ ಆಫ್ ಅನ್ನಬೇಕು. ಪಿಕಪ್ ಮಿ ಅನ್ನುವುದು ಬೆಂಗಳೂರಿನ ಕ್ಯಾಬ್ ಕರೆಗಳಲ್ಲಿ ದಿನವೂ ಕೇಳುವ ತಪ್ಪು. ಆದರೆ ಬೇಲ್ ಆನ್ ಮಿ, ರನ್ ಇನ್‌ಟು ಹಿಮ್ ಇವನ್ನು ಬಿಡಿಸಲು ಬರುವುದಿಲ್ಲ.

ಮರೆಯದಿರಲು ಕಾರ್ಡ್ ಮಾಡಿ. ಕಾರ್ಡುಗಳನ್ನು ದಿನ ಬಿಟ್ಟು ದಿನ ಮತ್ತೆ ತೋರಿಸುವ ಆಂಕಿ ಆ್ಯಪ್ ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ, ಐಫೋನಿನಲ್ಲಿ ದುಡ್ಡು ಕೊಡಬೇಕು. ಕಾಗದದ ಚೀಟಿಯಾದರೂ ಸರಿ: ಮಾರನೆಯ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ನೋಡಬೇಕು. ಇಲ್ಲಿ ಹೆಚ್ಚಿನವರು ಎಡವುವುದು ಚೀಟಿಯ ಮುಖದಲ್ಲಿ. ಮುಂದೆ ಇಂಗ್ಲಿಷ್, ಹಿಂದೆ ಕನ್ನಡ ಬರೆದರೆ ಗುರುತು ಹಿಡಿಯುವುದು ಬರುತ್ತದೆ, ಬಾಯಿಗೆ ಬರುವುದಿಲ್ಲ. ಮುಂದೆ ಕನ್ನಡದಲ್ಲಿ ಸಂದರ್ಭ ಬರೆಯಿರಿ: 'ಭಾನುವಾರ ಲಾಲ್‌ಬಾಗಿಗೆ ಬರ್ತೀನಿ ಅಂದವನು ಕೊನೆ ಗಳಿಗೆಯಲ್ಲಿ ಕೈಕೊಟ್ಟ. ಅವನಿಗೆ ಏನಂತೀರಿ?' ಹಿಂದೆ ಇಂಗ್ಲಿಷ್ ವಾಕ್ಯ.

ನಾಲ್ಕನೆಯ ದಿನ: ಬಾಯಿಗೆ ತನ್ನಿ

ಅದೇ ದೃಶ್ಯವನ್ನು ಒಂದೊಂದು ವಾಕ್ಯ ನಿಲ್ಲಿಸಿ, ಅದೇ ವೇಗ, ಅದೇ ಏರಿಳಿತದಲ್ಲಿ ಹೇಳಿ. ಮೂರು ಸಲ ಆದ ಮೇಲೆ ನಿಲ್ಲಿಸದೆ ನಟನ ಹಿಂದೆಯೇ ನೆರಳಿನಂತೆ ಹೇಳುತ್ತಾ ಹೋಗಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಪಕ್ಕಪಕ್ಕ ಕೇಳಿ. ಉಚ್ಚಾರ ಅಮೆರಿಕನ್ ಆಗಬೇಕಿಲ್ಲ, ಆಗದಿದ್ದರೇ ಚೆಂದ. ನೋಡಬೇಕಾದದ್ದು ಒತ್ತು ಸರಿಯಾದ ಪದದ ಮೇಲೆ ಬಿತ್ತೇ ಅನ್ನುವುದನ್ನು ಮಾತ್ರ.

ವೈಟ್‌ಫೀಲ್ಡ್ ಕಡೆಯಿಂದ ಮೆಜೆಸ್ಟಿಕ್‌ಗೆ ಮೆಟ್ರೋದಲ್ಲಿ ಓಡಾಡುವವರು ಆ ಹೊತ್ತನ್ನು ಬರೀ ಕೇಳುವುದಕ್ಕೆ ಬಳಸಬಹುದು, ಸ್ಕ್ರೀನ್ ನೋಡದೆ. ಆದರೆ ಹೊಸ ಕಂತು ಬೇಡ, ಆಗಲೇ ಓದಿದ ದೃಶ್ಯವೇ ಇರಲಿ. ರೈಲಿನ ಸದ್ದು ಮೊದಲು ನುಂಗುವುದು ಒತ್ತಿಲ್ಲದ ಸಣ್ಣ ಪದಗಳನ್ನೇ. ಗೊತ್ತಿರುವ ದೃಶ್ಯವಾದರೆ ಅವನ್ನು ಮನಸ್ಸು ತುಂಬಿಕೊಳ್ಳುತ್ತದೆ.

ನಿಜವಾದ ಬಳಕೆಗೆ ಊರಲ್ಲಿ ಸಂದರ್ಭಕ್ಕೆ ಬರವಿಲ್ಲ. ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡಾಗ ಟೀಮಿಗೆ 'ಐಯಾಮ್ ರನ್ನಿಂಗ್ ಲೇಟ್, ಗೋ ಅಹೆಡ್ ವಿದೌಟ್ ಮಿ' ಅಂತ ಹಾಕಬಹುದು. ಊಟಕ್ಕೆ ಕರೆದವರಿಗೆ ಇವತ್ತಾಗಲ್ಲ, ಇನ್ನೊಂದು ದಿನ ಖಂಡಿತ ಅನ್ನುವುದಕ್ಕೆ 'ಕನ್ ಐ ಟೇಕ್ ಎ ರೇನ್ ಚೆಕ್' ಅನ್ನಬಹುದು. ಬೇಸ್‌ಬಾಲ್ ಪಂದ್ಯ ಮಳೆಗೆ ನಿಂತರೆ ಅದೇ ಟಿಕೆಟ್ ಚೂರಿನಲ್ಲಿ ಇನ್ನೊಂದು ದಿನ ಒಳಗೆ ಬಿಡುತ್ತಿದ್ದರು, ಅಲ್ಲಿಂದ ಬಂದ ಮಾತು. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮಳೆಗೆ ನೆನೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೂಮ್‌ಮೇಟ್ ಜೊತೆ ಸೇರಿ ಕಲಿಯುವುದಾದರೆ ಇನ್ನೂ ಒಳ್ಳೆಯದು: ಇಬ್ಬರೂ ಒಂದೇ ದೃಶ್ಯ ಆರಿಸಿ, ಆ ಐದು ಜೋಡಿಗಳನ್ನು ಮಾತಿಗೆ ತಂದು ಐದು ನಿಮಿಷ ಹರಟಬೇಕು.

ಕೆಡುವುದು ಎಲ್ಲಿ

ನಮ್ಮ ಇಂಗ್ಲಿಷಿಗೂ ಅವರದಕ್ಕೂ ಅರ್ಥ ಬೇರೆಯಾಗುವ ಪದಗಳಿಗೆ ಒಂದು ಪುಟ ಮೀಸಲಿಡಿ. ನಾವು ಕಾಲೇಜಿನಿಂದ ಪಾಸ್ ಔಟ್ ಆಗುತ್ತೇವೆ, ಅಮೆರಿಕದಲ್ಲಿ ಪಾಸ್ ಔಟ್ ಆದವರು ಪ್ರಜ್ಞೆ ತಪ್ಪಿರುತ್ತಾರೆ. ನಮಗೆ ಹೋಟೆಲ್ ಅಂದರೆ ದೋಸೆ ತಿನ್ನುವ ಜಾಗವೂ ಹೌದು, ಅವರಿಗೆ ಮಲಗುವ ಜಾಗ ಮಾತ್ರ. ಅವರ ಫಸ್ಟ್ ಫ್ಲೋರ್ ನಮ್ಮ ಗ್ರೌಂಡ್ ಫ್ಲೋರ್. ಊಟದ ಬಿಲ್ ಅವರಿಗೆ ಚೆಕ್. ಕಟ್ಟಡದ ಬ್ಯಾಕ್‌ಸೈಡ್ ಅಂದರೆ ನಗುತ್ತಾರೆ, ಅದು ಅವರಿಗೆ ಕೂರುವ ಭಾಗ. ಬಸ್ಸಿನಲ್ಲಿ ನಾವು ಸ್ವಲ್ಪ ಅಡ್ಜಸ್ಟ್ ಮಾಡಿ ಅನ್ನುವ ಕಡೆ ಅವರು ಗೆಳೆಯರಿಗೆ ಸ್ಕೂಟ್ ಓವರ್ ಅನ್ನುತ್ತಾರೆ. ನಮ್ಮ ಬಳಕೆ ನಮ್ಮಲ್ಲಿ ಸರಿಯೇ, ಕಡಲಾಚೆಯವರ ಜೊತೆ ಮಾತಾಡುವಾಗ ಮಾತ್ರ ಎಚ್ಚರ ಬೇಕು. ಕೋಪ್ ಅಪ್ ವಿತ್, ಡಿಸ್ಕಸ್ ಅಬೌಟ್ ಇವುಗಳ ವಿಷಯ ಬೇರೆ. ಕೋಪ್ ವಿತ್ ಸಾಕು, ಡಿಸ್ಕಸ್ ಮುಂದೆ ಅಬೌಟ್ ಬೇಡ.

ಇನ್ನೊಂದು ಅಪಾಯ ಸಲುಗೆಯದ್ದು. ಕಾಮಿಡಿಯಲ್ಲಿ ಹತ್ತು ವರ್ಷದ ಗೆಳೆಯರು ಒಬ್ಬರನ್ನೊಬ್ಬರು ಬೈಯುತ್ತಾರೆ. ಶಟ್ ಅಪ್ ಅನ್ನುವುದು ಅಲ್ಲಿ ಕೆಲವೊಮ್ಮೆ 'ಹೌದಾ, ಸುಳ್ಳು ಹೇಳ್ಬೇಡ' ಅನ್ನುವ ಬೆರಗು. ಅದನ್ನೇ ಮ್ಯಾನೇಜರಿಗೆ ಹೇಳಿದರೆ ಗತಿ ಏನು? ನೋಟ್‌ಬುಕ್ಕಿನ ಎರಡನೆಯ ಸಾಲು ಇರುವುದು ಇದಕ್ಕೇ. ಏಕವಚನದಲ್ಲಿ ಮಾತಾಡುವವರಿಗೆ ಮಾತ್ರ ಹೇಳಬಹುದಾದದ್ದಕ್ಕೆ ಪಕ್ಕದಲ್ಲಿ 'ನೀನು' ಅಂತ, ಯಾರಿಗಾದರೂ ಹೇಳಬಹುದಾದದ್ದಕ್ಕೆ 'ನೀವು' ಅಂತ ಗುರುತು ಹಾಕಿಕೊಳ್ಳಿ.

ಸಬ್‌ಟೈಟಲ್‌ನಲ್ಲಿ ಇರುವುದೆಲ್ಲ ಆಡಿದ ಮಾತೇ ಅಂತಲೂ ನಂಬಬೇಡಿ. ಓದಲು ಸಮಯ ಸಾಲದ ಕಡೆ ಮೊಟಕು ಮಾಡಿರುತ್ತಾರೆ. ಕಿವಿಗೂ ಕಣ್ಣಿಗೂ ಜಗಳ ಬಂದರೆ ಇನ್ನೆರಡು ಸಲ ಕೇಳಿ, ಎಷ್ಟೋ ಸಲ ಕಿವಿಯೇ ಸರಿ ಇರುತ್ತದೆ.

ಮುಂದಕ್ಕೆ ಹೋಗುವುದು ಯಾವಾಗ

ತಿಂಗಳಿಗೊಮ್ಮೆ ಅದೇ ಸೀರೀಸಿನ ನೋಡದ ಕಂತೊಂದನ್ನು ಸಬ್‌ಟೈಟಲ್ ಇಲ್ಲದೆ ನೋಡಿ, ತಪ್ಪಿಹೋದ ನಗುಗಳನ್ನು ಎಣಿಸಿ, ದಿನಾಂಕದ ಜೊತೆ ಬರೆದಿಡಿ. ಕಂತಿಗೆ ನಾಲ್ಕೈದಕ್ಕೆ ಇಳಿದಾಗ ನಗುವಿನ ಸದ್ದಿಲ್ಲದ ಸೀರೀಸಿಗೆ ಹೊರಳಿ. ಎಲ್ಲಿ ನಗಬೇಕು ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಮಾತಾಡಿದವರ ಎದುರು ಕೂತವರ ಮುಖ ನೋಡಿ, ಅದು ಬದಲಾದ ಕಡೆ ಗುರುತು ಹಾಕಿ. ಸರ್ಕಾರಿ ಕೆಲಸದಲ್ಲಿರುವವರು, ಅದಕ್ಕೆ ತಯಾರಾಗುತ್ತಿರುವವರು ಬಿಬಿಸಿಯಲ್ಲಿ 1980ರಲ್ಲಿ ಶುರುವಾದ ಯೆಸ್ ಮಿನಿಸ್ಟರ್‌ಗೂ ಹೋಗಬಹುದು, ಅದರಲ್ಲಿ ನಗುವಿನ ಸದ್ದಿದ್ದರೂ ಭಾಷೆ ಕಷ್ಟದ್ದು. ಅಲ್ಲಿನ ಅಧಿಕಾರಿ ಉಸಿರು ಬಿಡದೆ ಆಡುವ ಉದ್ದುದ್ದ ವಾಕ್ಯಗಳಿಗೆ ಎರಡು ನಿಮಿಷದ ದೃಶ್ಯವೂ ಹೆಚ್ಚು, ಒಂದು ದಿನಕ್ಕೆ ಒಂದೇ ವಾಕ್ಯ ಸಾಕು.